ಕರೀ ಡಿಪಿ ಮತ್ತ ಏಳೂವರಿ ಬಸ್ಸು

ಇಂಥಾವೆಲ್ಲಾ ನಿಮಗಽ ಯಾಕ ಆಗ್ತಾವರಿ ಅಂತ ನನ್ನ ಹೆಂಡ್ತಿ ವಾರಕ್ಕೊಮ್ಮೆ ಕೇಳ್ತಾಳ. ಬ್ಯಾನರ್ ಅಂಗಡಿ ಇಟ್ಟಾವಗ ಆಗದ ಮತ್ಯಾರಿಗೆ ಆಗಬೇಕು? ಚಿಕ್ಕೋಡಿಯೊಳಗ ನಂದೊಂದು ಸಣ್ಣ ಅಂಗಡಿ ಐತಿ. ಮದಲ ಲಗ್ನ, ಹುಟ್ಟುಹಬ್ಬ, ಶ್ರದ್ಧಾಂಜಲಿ ಬ್ಯಾನರ್ ಅಷ್ಟ ಮಾಡ್ತಿದ್ನಿ. ಈಗ ನಾಕೈದ ವರ್ಷದಿಂದ ಮೊಬೈಲಿಗೆ ಹಾಕೂ ಚಿತ್ರಾನೂ ಮಾಡಿ ಕೊಡ್ತೀನಿ. ನಡಬರಕ ಯಾರದರ ಫೋಟೊ, ಸುತ್ತ ಬಣ್ಣದ ಚೌಕಟ್ಟು, ಕೆಳಗ ‘ನನ್ನ ಬೆಂಬಲವಿದೆ’ ಅಂತ ದಪ್ಪ ಅಕ್ಷರ. ಅದನ್ನ ಮಂದಿ ಡಿಪಿಗೆ ಹಾಕ್ತಾರ, ಸ್ಟೇಟಸ್ ಇಡ್ತಾರ, ಇಟ್ಟು ಚಾ ಕುಡ್ಯಾಕ ಹೋಗ್ತಾರ. ಆ ಬೆಂಬಲ ಆಮ್ಯಾಲ ಎಲ್ಲಿಗೆ ಹೋಗ್ತೈತಿ, ಯಾರಿಗೆ ಮುಟ್ಟತೈತಿ ಅನ್ನೂದು ನನಗ ಇವತ್ತಿಗೂ ತಿಳಿದಿಲ್ಲ. ಮಾಡಿ ಕೊಡಾವಗ ತಿಳೀದಿದ್ದು ಇಡಾವ್ರಿಗೆ ಏನ ತಿಳೀಬೇಕು.

ಹೋದ ಚಳಿಗಾಲದಾಗ ಈ ಪ್ರಶ್ನೆ ನಮ್ಮ ಮನಿ ಬಾಗಿಲಿಗೇ ಬಂತು.

1. ದಾಜಿಯ ಬೆಂಬಲ

ನಮ್ಮೂರು ಅಂಕಲಿ ರಸ್ತಾದಿಂದ ಎರಡ ಕಿಲೋಮೀಟರ್ ಒಳಗ ಐತಿ. ನನ್ನ ಅಕ್ಕನ್ನ ಊರಾಗಽ ಕೊಟ್ಟೈತಿ. ಅಕ್ಕನ ಗಂಡಗ ನಾವೂ ಮರಾಠಿ ಮಂದಿಗತೆ ದಾಜಿ ಅಂತೀವಿ. ದಾಜಿದು ಕಬ್ಬಿನ ತ್ವಾಟ, ಮಾತ ಕಮ್ಮಿ, ಸ್ಟೇಟಸ್ ಜಾಸ್ತಿ. ಅವರಿಗೆ ಒಬ್ಬಾಕಿ ಮಗಳು. ಪೋರಿ ಚಿಕ್ಕೋಡಿ ಕಾಲೇಜಿನಾಗ ಬಿ.ಎಸ್ಸಿ ಮೊದಲನೆ ವರ್ಷ ಓದಾಕತ್ತಿದ್ಲು. ಒಂದ ಬಾಟಲಿದು ಇನ್ನೊಂದ ಬಾಟಲ್ಯಾಗ ಸುರವಿ ಬಣ್ಣ ಬದಲ ಮಾಡೂ ಓದಂತ. ಅದರಾಗ ಆಕೀಗೆ ಭಾಳ ಹುಚ್ಚು.

ಊರೊಳಗ ಮುಂಜಾನೆ ಏಳೂವರಿಗೆ ಒಂದ ಬಸ್ ಬರ್ತಿತ್ತು. ಅದು ಬಿಟ್ರ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಮುಟ್ಟಸೂ ಗಾಡಿ ಬ್ಯಾರೆ ಇಲ್ಲ. ನಾ ಅಂತೂ ಸಿಕ್ಕ ಟ್ರ್ಯಾಕ್ಟರ್ ಹತ್ತಿ ಹನ್ನೊಂದಕ್ಕ ಅಂಗಡಿ ಮುಟ್ಟಾಂವ. ಒಂದಿನ ಬಸ್ ಬರಲಿಲ್ಲ. ಮರದಿನಾನೂ ಬರಲಿಲ್ಲ. ಕೇಳಿದ್ರ, ಪ್ಯಾಸೆಂಜರ್ ಇಲ್ಲ, ಅದಕ್ಕ ಬಂದ್ ಮಾಡೀವಿ ಅಂದ್ರು.

ಅಂಕಲಿ ರಸ್ತಾದ ಕ್ರಾಸಿನ ಮಟ ನಡಕೊಂಡ ಹೋಗ್ತೀನಿ ಅಂದ್ಲು ಪೋರಿ. ಎರಡೂ ಬಾಜು ಆಳೆತ್ತರ ಕಬ್ಬು, ನಸುಕಿನ್ಯಾಗ ಒಬ್ಬಾಕಿ ಹೆಂಗ ಹೋಗ್ತಿ ಅಂದ್ರು ದಾಜಿ. ಹ್ವಾದ್ರೂ ಮೇನ್ ರೋಡಿನ ಬಸ್ ಅಲ್ಲಿ ನಿಂದ್ರಾಂಗಿಲ್ಲ. ದಾಜಿ ಒಂದಽ ಮಾತ ಹೇಳಿದ್ರು: “ಈ ತಿಂಗಳ ಕಡೀಮಟ ನೋಡೂನು. ಬಸ್ ಬಂದ್ರ ಹೋಗು. ಬರಲಿಲ್ಲಂದ್ರ ಕಾಲೇಜ ಸಾಕು, ಮನ್ಯಾಗ ಇರು.”

ಅಕ್ಕ ಅತ್ತಳು. ಪೋರಿ ಅಳಲಿಲ್ಲ, ಎರಡ ದಿನ ಉಣ್ಣಲಿಲ್ಲ. ನಾ ಅಂಗಡ್ಯಾಗ ಕುಂತಿದ್ನಿ. ಅಷ್ಟರಾಗ ದಾಜಿ ತಾವಽ ಬಂದ್ರು.

“ಒಂದ ಫ್ರೇಮ್ ಮಾಡು. ನನ್ನ ಫೋಟೊ ಹಾಕು, ತಲಿಗೆ ಪಟಗಾ ಸುತ್ತಿದ್ದು. ಕೆಳಗ ‘ಹೆಣ್ಣುಮಕ್ಕಳ ಶಿಕ್ಷಣಕ್ಕೆ ನನ್ನ ಬೆಂಬಲ’ ಅಂತ ಬರಿ. ಎಲ್ಲಾರೂ ಇಡಾಕತ್ತಾರ, ನಂದೊಂದು ಉಳದೈತಿ.”

ನಾ ಅವರ ಮಾರಿ ನೋಡಿದ್ನಿ. ಹಾಸ್ಯ ಮಾಡಾಕತ್ತಿರಲಿಲ್ಲ.

“ದಾಜಿ, ಪೋರಿ ಮನ್ಯಾಗ ಕುಂತಾಳಲ್ರಿ.”

“ಹೌದಲ್ಲ,” ಅಂದ್ರು ದಾಜಿ. “ಆಕೀಗೂ ಒಂದ ಕಳಸು. ಕಾಲೇಜಿಗೆ ಹೋಗೂ ಹುಡುಗ್ಯಾರಿಗೆ ಇದನ್ನೆಲ್ಲಾ ಇಡಾಕ ಟೈಮ್ ಎಲ್ಲಿರ್ತೈತಿ. ಈಕೀಗೆ ಈಗ ಟೈಮ್ ಐತಿ.”

2. ಸಾಹೇಬರ ಸ್ವಂತ ಭಾವನಾ

ಪೋರಿ ಸುಮ್ಮ ಕುಂಡ್ರೂ ಪೈಕಿ ಅಲ್ಲ. “ಮಾಮಾ, ಅಪ್ಪಾಗ ಮಾಡಿದಿ, ನನಗೂ ಒಂದ ಮಾಡು. ‘ನಮ್ಮೂರಿಗೆ ಏಳೂವರಿ ಬಸ್ ಬೇಕು’ ಅಂತ,” ಅಂದ್ಲು. ಮಾಡಿ ಕೊಟ್ನಿ. ಹಸರ ಚೌಕಟ್ಟು, ಕೆಳಗ ನಡಬರಕ ಒಂದ ಕೆಂಪ ಬಸ್ಸು.

ನಾಕ ದಿನದಾಗ ಆ ಫ್ರೇಮು ಎಲ್ಲೆಲ್ಲಿ ಹೋತು ಅಂತೀರಿ. ನಮ್ಮೂರ ಹೆಸರ ಕೇಳದಾವ್ರೂ ಇಟ್ಟಿದ್ರು. ರಾಯಬಾಗದಾಗ ಚಪ್ಪಲ್ ಅಂಗಡಿಯಾಂವ ಇಟ್ಟ. ಕಾಗವಾಡದ ಹಾಲಿನ ಡೇರಿಯಾಂವ ಇಟ್ಟ. ಅವನ ಪರಿಚಯ ನನಗ ಇತ್ತು, ಭಾಳ ಉಪಕಾರ ಆತ್ರಿ ಅಂತ ಫೋನ್ ಹಚ್ಚಿದ್ನಿ. “ಇರ್ಲಿ ಬಿಡ್ರಿ,” ಅಂದ. ಆಮ್ಯಾಲ ಸಣ್ಣ ದನಿಲೆ, “ಯಾವೂರ ಬಸ್ಸರಿ ಅದು?” ಅಂತ ಕೇಳಿದ.

ಇಷ್ಟ ಮಂದಿ ಬೆಂಬಲ ಐತಿ ಅಂತ ಧೈರ್ಯ ಮಾಡಿ ನಾನು ಬಸ್ ಡಿಪೋದ ಸಾಹೇಬ್ರ ಕಡಿ ಹ್ವಾದ್ನಿ. ಭಾಳ ಸಜ್ಜನ ಮನಷ್ಯಾ. ಕುಂಡ್ರಾಕ ಖುರ್ಚಿ ಕೊಟ್ರು, ಚಾ ತರಿಸಿದ್ರು. ನಾ ನಮ್ಮೂರ ಹೆಸರ ಹೇಳಿದ ಕೂಡ್ಲೆ ಅವರ ಮಾರಿ ಅರಳಿತು. ಟೇಬಲ್ ಮ್ಯಾಲಿದ್ದ ಫೋನ್ ತಗದ ತೋರಸಿದ್ರು. ಅವರ ಡಿಪಿ ಸುತ್ತ ನನ್ನ ಹಸರ ಚೌಕಟ್ಟು, ಕೆಳಗ ಕೆಂಪ ಬಸ್ಸು.

“ನಾನೂ ಇಟ್ಟೀನ್ರಿ,” ಅಂದ್ರು.

ನನಗ ಚಾ ನೆತ್ತಿಗೇರಿತು. “ಸಾಹೇಬ್ರ, ಬಸ್ ಬಿಡಾವ್ರು ನೀವಽ ಅಲ್ರಿ?”

“ಹೌದ್ರಿ.”

“ಮತ್ತ ಬಸ್ ಬೇಕು ಅಂತ ಯಾರಿಗೆ ಕೇಳಾಕತ್ತೀರಿ?”

ಸಾಹೇಬ್ರು ಫೋನ್ ತಿರುಗಿ ಟೇಬಲ್ ಮ್ಯಾಲ ಇಟ್ರು. “ನೋಡ್ರಿ, ಪ್ಯಾಸೆಂಜರ್ ಇಲ್ಲ ಅಂತ ಬಸ್ ನಿಲ್ಲಿಸಿದ್ದು ಆಫೀಸ್ ಕೆಲಸ. ಇದು ನನ್ನ ಸ್ವಂತ ಭಾವನಾ. ಎರಡೂ ಕೂಡಸಬಾರ್ದು.” ಪ್ಯಾಸೆಂಜರ್ ಅದಾರ ಅಂತ ನಾ ಎಷ್ಟ ಹೇಳಿದ್ರೂ, ಕಣ್ಣಾರೆ ಕಂಡ್ರ ಬಿಡಬಹುದು, ಕಾಗದ ಮ್ಯಾಲ ಕಾಣವಲ್ರು ಅಂದ್ರು.

ನಾ ಎದ್ನಿ. ಅವರು ಬಾಗಿಲತನಕ ಬಂದ್ರು, ನನ್ನ ಭುಜದ ಮ್ಯಾಲ ಕೈ ಇಟ್ರು.

“ಹೋರಾಟ ಮಾತ್ರ ಬಿಡಬ್ಯಾಡ್ರಿ. ಡಿಪೋ ಮಂದಿ ಅಷ್ಟ ಲಗೂ ಬಗ್ಗಾಂಗಿಲ್ಲ, ನನಗ ಗೊತ್ತೈತಿ.”

3. ಕಡೀ ಮಂಚ

ಮನಿಗೆ ಬಂದು ಇದನ್ನ ಹೇಳಿದ್ನಿ. ಪೋರಿ ನಗಲಿಲ್ಲ. “ಖರೇ ಹೇಳ ಮಾಮಾ. ಸ್ಟೇಟಸ್ ಇಟ್ರ ಏನರ ಆಕ್ಕೈತೇನು?” ಅಂದ್ಲು.

ನಿಪ್ಪಾಣ್ಯಾಗಿನ ಒಬ್ಬ ಗೆಳೆಯಾನ ಕಥಿ ಆಕೀಗೆ ಹೇಳಿದ್ನಿ. ಅಂವ ತಂಬಾಕು ಅಡತಿ ಅಂಗಡಿಯೊಳಗ ಲೆಕ್ಕ ಬರಿಯಾಂವ. ಮೂತ್ರಪಿಂಡದಾಗ ಹರಳ ಆಗಿ ದವಾಖಾನಿ ಸೇರಿದ್ದ. ಅವನ ದೋಸ್ತರು ಏನ ಕಮ್ಮಿ ಮಂದಿ ಅಲ್ಲ. ಎಲ್ಲಾರೂ ಅವನ ಫೋಟೊ ಹಾಕಿ ‘ಬೇಗ ಗುಣವಾಗು ಗೆಳೆಯಾ, ನಿನ್ನ ಜೊತೆ ನಾವಿದ್ದೇವೆ’ ಅಂತ ಸ್ಟೇಟಸ್ ಇಟ್ರು. ಕೆಲವ್ರು ಹಿಂದ ಅಳೂ ಸಂಗೀತ ಬ್ಯಾರೆ ಕೂಡಸಿದ್ರು.

ಮೂರನೆ ದಿನ ಅವನ ಫೋನ್ ಬಂತು. “ನನ್ನ ಜತಿ ಯಾರೂ ಇಲ್ಲೋ. ಹೆಂಡ್ತಿ ತವರಮನ್ಯಾಗ ಅದಾಳ, ನಾಳೆ ಬರ್ತಾಳ. ಮೂವತ್ತ ಮಂದಿ ಸ್ಟೇಟಸ್ ಇಟ್ಟಾರ, ಒಬ್ಬ ಒಂದ ಎಳನೀರ ತಂದಿಲ್ಲ. ಬಾಯಿಬಿಟ್ಟ ಬರ್ರಿ ಅನ್ನಾಕ ನಾಚಿಕಿ ಬರ್ತೈತಿ. ನೀ ಒಂದ ಚಿತ್ರ ಮಾಡಿ ಕೊಡು.”

ಮಾಡಿದ್ನಿ. ಅವನ ಫೋಟೊ, ಕೆಳಗ ‘ನೋಡಲು ಬನ್ನಿ. ಎರಡನೇ ಮಾಳಿಗೆ, ಬಲಗಡೆ ಕೊನೆಯ ಮಂಚ. ಎಳನೀರು ತನ್ನಿ.’ ಇದಕ್ಕಿಂತ ಸಾಫ್ ಹೆಂಗ ಬರೀಬೇಕು? ಅಂವ ಅದನ್ನ ಎಲ್ಲಾರಿಗೂ ಕಳಿಸಿದ.

ಎಲ್ಲಾರೂ ಅದನ್ನೂ ಸ್ಟೇಟಸ್ ಇಟ್ರು. ದವಾಖಾನಿ ಎದರ ಚಾದ ಅಂಗಡಿ ಇಟ್ಟಾಂವ ಒಬ್ಬ ಕೆಳಗ ಕೈ ಮುಗಿಯೂ ಚಿತ್ರ ಹಾಕಿ, ‘ದಯವಿಟ್ಟು ಎಲ್ಲರೂ ಹೋಗಿ ಬನ್ನಿ’ ಅಂತ ಬರದ.

ಪೋರಿ ಕಡೀಮಟ ಕೇಳಿದ್ಲು. “ಮತ್ತ ನೀ ಹೋಗಿದ್ಯಾ ಮಾಮಾ?”

ನಾ ಕನ್ನಡಕ ತಗದು ಒರಸಿಕೊಂಡ್ನಿ. “ನಾ ಡಿಸೈನ್ ಮಾಡಿದ್ನಲ್ಲ,” ಅಂದ್ನಿ.

4. ಹತ್ತ ಬೈ ಇಪ್ಪತ್ತು

ಹಂಗಂತ ಬೆಂಬಲ ಪೂರಾ ಸುಳ್ಳು ಅನ್ನಾಕೂ ಬಾಯಿ ಬರಾಂಗಿಲ್ಲ. ಸತ್ತಿ ಅನ್ನೂ ಊರಾಂವ ಒಬ್ಬ ರೈತ ನನಗ ತಲಿ ಕೆಡಿಸಿ ಬಿಟ್ಟಾನ.

ಒಂದ ವರ್ಷ ಕೃಷ್ಣಾ ನದಿ ದಂಡಿ ದಾಟಿ ಒಳಗ ಬಂತು. ನೀರ ಇಳದ ಮ್ಯಾಲ ನಮ್ಮ ಅಂಗಡಿಗೆ ಸುಗ್ಗಿ. ‘ಸತ್ತಿಯ ಜೊತೆ ನಾವಿದ್ದೇವೆ’ ಅಂತ ಫ್ರೇಮ್ ಮಾಡಿ ಮಾಡಿ ಕೈ ಸೋತಾವು. ಒಂದಿನ ಈ ರೈತ ಅಥಣಿ ಬಸ್ ಹಿಡದು, ಬದಲ ಮಾಡಿ, ನನ್ನ ಅಂಗಡಿ ಹುಡುಕ್ಕೊಂಡ ಬಂದ. ಮೊಬೈಲಿನಾಗ ಆ ಚಿತ್ರ ತೋರಿಸಿದ.

“ಇದನ್ನ ಮಾಡಿದಾವ್ರು ನೀವೇನ್ರಿ?”

ಮಂದಿ ಬೆಂಬಲ ನೋಡಿ ಕಣ್ಣಾಗ ನೀರ ಬಂದಿರಬೇಕು ಅನ್ಕೊಂಡ್ನಿ. “ಹೌದ್ರಿ,” ಅಂದ್ನಿ.

“ಇದನ್ನ ಎಷ್ಟ ದೊಡ್ಡದ ಮಾಡಾಕ ಬರ್ತೈತಿ?”

“ನೀವ ಹೇಳಿದಷ್ಟ.”

“ಹತ್ತ ಬೈ ಇಪ್ಪತ್ತ ಮಾಡ್ರಿ. ದಪ್ಪ ಫ್ಲೆಕ್ಸ್ ಹಾಕ್ರಿ. ನಾಕೂ ಮೂಲಿಗೆ ಹಗ್ಗ ಕಟ್ಟೂ ತೂತ ಇರ್ಲಿ.”

ಊರ ನಡುವ ಕಟ್ಟಾಂವ ಅದಾನ, ಎಷ್ಟ ಅಭಿಮಾನದಾಂವ ಇವನು ಅಂತ ನನಗ ಭಾಳ ಖುಷಿ ಆತು. ಒಂದ ತಿಂಗಳಿಗೆ ಬ್ಯಾರೆ ಕೆಲಸಕ್ಕ ಸತ್ತಿಗೆ ಹೋಗಿದ್ನಿ. ನನ್ನ ಬ್ಯಾನರ್ ಎಲ್ಲಿ ಕಟ್ಟೀರಿ ಅಂತ ಕೇಳಿದ್ನಿ. ಅಂವ ದನದ ಕೊಟಗಿಗೆ ಕರಕೊಂಡ ಹ್ವಾದ. ಹಂಚ ಹಾರಿ ಹೋದ ಮಾಡಿನ ಮ್ಯಾಲ ನನ್ನ ಫ್ಲೆಕ್ಸ್ ಬಿಗದ ಕಟ್ಟಿದ್ದ. ಅಕ್ಷರ ಕೆಳಮಾರಿ. ಕೆಳಗ ಎರಡ ಎಮ್ಮಿ ಮಲಗಿ ಮೆಲಕ ಹಾಕಾಕತ್ತಿದ್ವು, ಮ್ಯಾಲ ‘ಸತ್ತಿಯ ಜೊತೆ ನಾವಿದ್ದೇವೆ’.

“ಅಕ್ಷರ ಒಳಬಾಜು ಯಾಕ ಮಾಡೀರಿ?” ಅಂದ್ನಿ.

“ಹೊರಬಾಜು ಮಾಡಿದ್ರ ಬಿಸಲಿಗೆ ಅಕ್ಷರ ಅಳಿಸಿ ಹೋಗ್ತಾವರಿ. ಒಳಗ ಇದ್ರ ಎಮ್ಮಿಗರ ಧೈರ್ಯ ಇರ್ತೈತಿ.” ಆಮ್ಯಾಲ ಮ್ಯಾಲ ನೋಡಿ ಅಂದ, “ಮೊಬೈಲಾಗ ಇದ್ದಾಗ ನಿಮ್ಮ ಬೆಂಬಲ ಸೋರತಿತ್ತು. ಈಗ ಒಂದ ಹನಿ ಸೋರವಲ್ದು.”

ಇದನ್ನೂ ಪೋರಿಗೆ ಹೇಳಿದ್ನಿ. “ಅಂದ್ರ ಬೆಂಬಲ ಕೆಲಸಕ್ಕ ಬರ್ತೈತಿ?”

“ಹತ್ತ ಬೈ ಇಪ್ಪತ್ತ ಇದ್ರ ಬರ್ತೈತಿ,” ಅಂದ್ನಿ. ನನಗ ಅದಕ್ಕಿಂತ ಜಾಸ್ತಿ ತಿಳಿದಿರಲಿಲ್ಲ.

5. ಚೌಕಟ್ಟು ಗುಂಡಗ ಆದದ್ದು

ತಿಂಗಳ ಮುಗ್ಯಾಕ ಬಂತು. ಬಸ್ ಬರಲಿಲ್ಲ. ಅಕ್ಕ ಪೋರಿ ಪುಸ್ತಕ ಅರಿವ್ಯಾಗ ಸುತ್ತಿ ಅಟ್ಟದ ಮ್ಯಾಲ ಇಟ್ಲು. ಅದನ್ನ ನೋಡಿ ನನಗ ಕೆಟ್ಟ ಅನಸ್ತು.

ಪೋರಿ ಕಡೀ ಆಟ ಆಡಿದ್ಲು. “ಮಾಮಾ, ಹಸರ ಬಣ್ಣಕ್ಕ ಯಾರೂ ಅಂಜಾಂಗಿಲ್ಲ. ಊರ ಎಲ್ಲಾ ಡಿಪಿ ಕರೀದ ಮಾಡೂನು. ಪೂರಾ ಕರೀದು. ಕೆಳಗ ಸಣ್ಣದಾಗಿ ‘ಬಸ್ ಬೇಕು’.”

ಶನಿವಾರ ಮುಂಜಾನೆ ಮಾಡಿ ಊರ ಗ್ರೂಪಿಗೆ ಹಾಕಿದ್ನಿ. ಕರೀ ಚೌಕ, ಕೆಳಗ ಬಲ ಮೂಲ್ಯಾಗ ಬಿಳೀ ಅಕ್ಷರ. ನೋಡಾಕ ಭಾಳ ಗಂಭೀರ ಇತ್ತು. ಮಧ್ಯಾಹ್ನದೊಳಗ ಊರಾಗಿನ ಎಲ್ಲಾರ ಡಿಪಿನೂ ಕರೀದು. ದಾಜಿನೂ ಇಟ್ರು. ನಮ್ಮ ಅವ್ವಗ ಫೋನ್ ನೋಡಾಕ ಬರಾಂಗಿಲ್ಲ, ಆಕೀ ಫೋನಿಗೂ ನಾನಽ ಇಟ್ನಿ.

ನಾಕೈದ ವರ್ಷ ಈ ಕೆಲಸ ಮಾಡಿದಾಂವ ನಾನು. ಆದ್ರ ಒಂದ ಮಾತ ಮರತ ಬಿಟ್ಟಿದ್ನಿ. ನಾ ಮಾಡಿದ್ದು ಚೌಕ. ಡಿಪಿ ಇರೂದು ಗುಂಡಗ. ನಾಕೂ ಮೂಲಿ ಕತ್ತರಿಸಿ ಹೋಗ್ತಾವು, ಮೂಲ್ಯಾಗಿನ ಅಕ್ಷರಾನೂ ಅದರ ಜತಿ ಹೋಗ್ತಾವು. ಉಳಿದಿದ್ದು ಬರೇ ಕರೀ ಗುಂಡು.

ಮತ್ತ ನಮ್ಮ ಕಡಿ ಡಿಪಿ ಬರೇ ಕರೀದ ಆತಂದ್ರ ಅದಕ್ಕ ಒಂದಽ ಅರ್ಥ. ಮನ್ಯಾಗ ಯಾರೋ ತೀರಿಕೊಂಡಾರ.

ಇನ್ನೂ ಒಂದ ಪದ್ಧತಿ ಐತಿ. ಸಾವಿನ ಸುದ್ದಿ ತಿಳದ್ರ ಫೋನ್ ಹಚ್ಚಿ “ಯಾರು ಹ್ವಾದ್ರು?” ಅಂತ ಕೇಳಬಾರ್ದು. ಕೇಳಿದ್ರ ಮಂದಿ ಏನಂದಾರು, ಇವರಿಗೆ ನಮ್ಮ ಮನಿ ಸುದ್ದಿ ಗೊತ್ತಿಲ್ಲೇನು ಅಂತ ಜೀವಮಾನ ನೆನಪಿಟ್ಟ ಆಡಿಕೊಳ್ತಾರ. ಬಾಯಿ ಮುಚ್ಚಿ, ಬುತ್ತಿ ಕಟ್ಟಿಕೊಂಡು, ಮಾತಾಡಸಾಕ ಬಂದ ಬಿಡಬೇಕು. ಮನ್ಯಾಗ ಒಲಿ ಹಚ್ಚಿರಾಂಗಿಲ್ಲ, ಅದಕ್ಕ ಬುತ್ತಿ.

ಆಯ್ತವಾರ ಮುಂಜಾನೆ ನಾ ಆರಾಮ ಸ್ನಾನಕ್ಕ ಹೋಗಿದ್ನಿ.

6. ಯಾರಿಗಂತ ಅಳಬೇಕು

ಶಿರಗುಪ್ಪಿಯೊಳಗ ನಮ್ಮ ದೊಡ್ಡವ್ವ ಅದಾಳ, ಅವ್ವನ ಅಕ್ಕ. ದೊಡ್ಡವ್ವನ ಅಳು ಅಂದ್ರ ಸುತ್ತ ಹತ್ತ ಹಳ್ಳಿಗೆ ಗೊತ್ತಿದ್ದ ಮಾತು. ಸತ್ತಾವರ ಒಂದೊಂದ ಗುಣ ಎತ್ತಿ ಎತ್ತಿ, ರಾಗ ಮಾಡಿ ಅಳ್ತಾಳ. ಆಕೀ ಬರೂಮಟ ಕೆಲವ್ರು ಹೆಣ ಎತ್ತಾಂಗಿಲ್ಲ.

ಅಂಕಲಿಮಟ ಬಸ್ಸಿಗೆ, ಅಲ್ಲಿಂದ ಟಂಟಂ ರಿಕ್ಷಾಕ್ಕ, ದೊಡ್ಡವ್ವ ಬಂದ್ಲು. ಪದ್ಧತಿ ಪ್ರಕಾರ ಓಣಿ ತಿರುವಿನಿಂದಽ ಸುರು ಮಾಡಿದ್ಲು. ಬಾಗಿಲಾಗ ನಿಂತಿದ್ದ ಅವ್ವನ್ನ ತೆಕ್ಕಿ ಬಡಕೊಂಡ್ಲು. “ಯವ್ವಾ ನನ್ನ ತಂಗೀ, ಹೆಂಗ ಆತವಾ ಇದು, ಬಂಗಾರದಂಥ ಜೀವಾ, ಹೇಳದ ಕೇಳದ ಹೋತಲ್ಲವಾ.”

ಬಂಗಾರದಂಥ ಜೀವ ಅಂದ್ಲು, ಹೆಸರ ಹೇಳಲಿಲ್ಲ. ಹೆಂಗ ಹೇಳ್ಯಾಳು? ಯಾರಂತ ಆಕೀಗೇ ಗೊತ್ತಿಲ್ಲ. ಅಳಕೋತ ಅಳಕೋತ ಅವ್ವನ ಭುಜದ ಮ್ಯಾಲಿಂದ ಮನ್ಯಾಗ ಯಾರ ಕಮ್ಮಿ ಅದಾರ ಅಂತ ಹುಡುಕಾಕತ್ತಿದ್ಲು. ನನ್ನ ಹೆಂಡ್ತಿ ಕಂಡ್ಲು. ಮಕ್ಕಳು ಕಂಡ್ವು. ನಾ ಕಾಣಲಿಲ್ಲ. ಅಲ್ಲಿಗೆ ಹೊಂದಿಸಿಬಿಟ್ಲು. “ಎಂಥಾ ಮಗ, ಎಂಥಾ ಮಗ, ಎಷ್ಟ ಚಂದ ಬೋರ್ಡ ಬರೀತಿದ್ದ.”

ಅವ್ವಂದು ಬ್ಯಾರೆ ಕಥಿ. ತನ್ನ ಫೋನಿನ ಡಿಪಿ ಕರೀದ ಆಗೈತಿ ಅಂತ ಆಕೀಗೆ ಗೊತ್ತಿಲ್ಲ. ತನ್ನ ಅಕ್ಕ ಅಳಕೋತ ಬಂದಾಳ ಅಂದ್ರ ಆಕೀ ಮನ್ಯಾಗಽ ಏನೋ ಆಗೈತಿ, ಆಕೀ ಗಂಡ ದೊಡ್ಡಪ್ಪಽ ಹೋಗಿರಬೇಕು ಅಂತ ತಿಳಕೊಂಡ್ಲು. ಕೇಳಬಾರ್ದು, ಪದ್ಧತಿ ಅಲ್ಲ. ಅವ್ವನೂ ಎದಿ ಬಡಕೊಂಡ ಅಳಾಕ ಹತ್ತಿದ್ಲು. “ದೇವರಂಥ ಮನಷ್ಯಾ, ನನ್ನ ಲಗ್ನಕ್ಕ ಎಷ್ಟ ಓಡ್ಯಾಡಿದ್ದ.”

ಮಗನ ಬಗ್ಗೆ ಹಿಂಗ್ಯಾಕ ಅಂತಾಳ ಅಂತ ದೊಡ್ಡವ್ವಗ ಗೊಂದಲ. ದೊಡ್ಡಪ್ಪಗ ಬೋರ್ಡ ಬರ್ಯಾಕ ಯಾವಾಗ ಬರ್ತಿತ್ತು ಅಂತ ಅವ್ವಗ ಗೊಂದಲ. ಆದ್ರೂ ಇಬ್ರೂ ಹತ್ತ ಮಿನಿಟ್ ಬಿಡದ ಅತ್ರು. ಅಷ್ಟರಾಗ ಹಿಂದ ಉಳದಿದ್ದ ದೊಡ್ಡಪ್ಪ ಬುತ್ತಿ ಗಂಟ ಹಿಡ್ಕೊಂಡು ಬಾಗಿಲಾಗ ಬಂದ ನಿಂತ. ಅವ್ವ ಅವನ್ನ ನೋಡಿ ಚೀರಿದ್ಲು. ಅದನ್ನ ಕೇಳಿ ನಾ ಬಚ್ಚಲದಿಂದ ಟಾವೆಲ್ ಸುತ್ಕೊಂಡ ಹೊರಗ ಬಂದ್ನಿ. ದೊಡ್ಡವ್ವ ನನ್ನ ನೋಡಿ ಗಕ್ಕನೆ ನಿಂತ್ಲು.

ನನ್ನ ಮ್ಯಾಲಿಂದ ಕೆಳಗಿನ ಮಟ ನೋಡಿದ್ಲು. ಆಮ್ಯಾಲ ಸೆರಗಿಲೆ ಮಾರಿ ಒರಸಿಕೊಂಡು, ಸಿಟ್ಟಿಲೆ ಕೇಳಿದ್ಲು.

“ನೀ ಅಲ್ಲಂದ್ರ ಮತ್ತ್ಯಾರು?”

7. ಕ್ರಾಸಿನ ಪಂಗತಿ

ನಮ್ಮ ಮನಿ ಒಂದಽ ಅಲ್ಲ, ಊರ ತುಂಬ ಹಿಂಗಽ. ನಿಪ್ಪಾಣಿಯಿಂದ ಬಂದಿದ್ರು, ಕಾಗವಾಡದಿಂದ ಬಂದಿದ್ರು, ಇಚಲಕರಂಜಿಯಿಂದ ಮರಾಠಿಯೊಳಗ ಅಳಕೋತ ಬಂದಿದ್ರು. ಪ್ರತಿ ಮನ್ಯಾಗ ಒಂದ ಬುತ್ತಿ ಗಂಟು, ಒಂದ ಜಗಳ. “ಬಸ್ಸಿನ ಸಲವಾಗಿ ಕರೀದ ಇಟ್ಟಿದ್ವಿ” ಅಂದ್ರ ಯಾರಿಗೂ ತಿಳೀವಲ್ದು. “ಬಸ್ಸಿಗೆ ಯಾರಾರ ಸೂತಕ ಹಿಡೀತಾರೇನು?” ಅಂತ ದೊಡ್ಡಪ್ಪ ಕೇಳಿದ.

ನಾಕ ಗಂಟೆಗೆ ಎಲ್ಲಾರೂ ಹೊಂಟ್ರು. ಅವಾಗ ಗೊತ್ತಾತು, ಊರಿಗೆ ಬಸ್ ಇಲ್ಲ. ಮುಂಜಾನೆ ತಂದ ಬಿಟ್ಟ ಟಂಟಂ ತಮ್ಮ ಊರಿಗೆ ಹೋಗಿದ್ವು. ಮುದುಕ್ಯಾರು, ಮುದುಕರು, ಕೈಯಾಗ ಬಸ್ಸಿನ್ಯಾಗ ತೋರಸೂ ಆಧಾರ್ ಕಾರ್ಡು, ಕಂಕುಳಾಗ ಯಾರೂ ಇಟ್ಕೊಳ್ಳದ ಬುತ್ತಿ, ಎರಡ ಕಿಲೋಮೀಟರ್ ನಡದು ಕ್ರಾಸಿಗೆ ಹ್ವಾದ್ರು. ನಾವೂ ಸಾಗ ಹಾಕಾಕ ಹಿಂದ ಹ್ವಾದ್ವಿ. ಮೇನ್ ರೋಡಿನ ಬಸ್ ಒಂದೂ ನಿಂದ್ರವಲ್ವು.

ಇಳಿಹೊತ್ತ ಆತು. ನಾವು ಜೈನ ಮಂದಿ, ಹೊತ್ತ ಮುಳಗಿದ ಮ್ಯಾಲ ಉಣ್ಣಾಂಗಿಲ್ಲ. ಸಾವಿನ ಮನಿಗಂತ ಕಟ್ಟಿದ ಬುತ್ತಿ ತಿರುಗಿ ಮನಿಗೂ ಒಯ್ಯಬಾರ್ದು. ದೊಡ್ಡವ್ವ ಸೂರ್ಯನ್ನ ನೋಡಿದ್ಲು, ಬುತ್ತಿ ನೋಡಿದ್ಲು. “ಕುಂಡ್ರರಿ ಎಲ್ಲಾರೂ, ಇಲ್ಲೇ ಉಣ್ಣೂನು,” ಅಂದ್ಲು. ರಸ್ತಾದ ಬಾಜು ಒಂದ ಸಾಲ ಕುಂತ್ರು. ಅದು ತುಂಬಿದ ಮ್ಯಾಲ ಇನ್ನೊಂದ ಸಾಲ. ಲಿಂಗಾಯತರು, ಮರಾಠರು ಎಲ್ಲಾರೂ ಗಂಟ ಬಿಚ್ಚಿದ್ರು. ಮೂರನೆ ಸಾಲಿಗೆ ಜಾಗಾ ಇರಲಿಲ್ಲ, ಡಾಂಬರ ಮ್ಯಾಲ ಕುಂತ್ರು.

ಕಬ್ಬಿನ ಟ್ರ್ಯಾಕ್ಟರ್ ನಿಂತ್ವು. ಅವುಗಳ ಹಿಂದ ಬಸ್ ನಿಂತ್ವು. ಡ್ರೈವರ್ ಹಾರ್ನ್ ಹೊಡದ, ಯಾರೂ ಏಳಲಿಲ್ಲ. ಊಟದಾಗ ಎಬ್ಬಿಸಬಾರ್ದು. ಅರ್ಧಾ ತಾಸಿಗೆ ಡಿಪೋ ಸಾಹೇಬ್ರ ಜೀಪ ಬಂತು.

“ಇದು ಯಾವ ಸಂಘಟನಾರಿ?” ಅಂತ ಕೇಳಿದ್ರು ಸಾಹೇಬ್ರು.

“ಬಾ ತಮ್ಮಾ, ಹೊತ್ತ ಮುಳಗತೈತಿ, ಮದಲ ಉಣ್ಣು,” ಅಂತ ದೊಡ್ಡವ್ವ ಅವರ ಕೈ ಹಿಡದ ಕುಂಡ್ರಿಸಿದ್ಲು. ಎರಡ ರೊಟ್ಟಿ, ಹೆಸರಕಾಳ ಪಲ್ಯ, ಶೇಂಗಾ ಚಟ್ನಿ ಹಾಕಿದ್ಲು. ಪೋರಿ ನೀರ ಕೊಟ್ಲು. ಸಾಹೇಬ್ರು ಉಣಕೋತ ಸಾಲ ನೋಡಿದ್ರು, ಬಾಯಾಗಽ ಎಣಿಸಿದ್ರು. ಮತ್ತೊಮ್ಮೆ ಎಣಿಸಿದ್ರು.

“ಇವರೆಲ್ಲಾ ಬಸ್ಸಿಗೆ ನಿಂತಾವ್ರು?”

“ಮತ್ತ? ಮುಂಜಾನಿಂದ ಒದ್ದ್ಯಾಡಾಕತ್ತೀವಿ,” ಅಂದ್ಲು ದೊಡ್ಡವ್ವ.

“ಇಷ್ಟ ಪ್ಯಾಸೆಂಜರ್ ಅದಾರ ಅಂತ ನಮಗ ಗೊತ್ತಽ ಇರಲಿಲ್ಲ,” ಅಂದ್ರು ಸಾಹೇಬ್ರು. ಅವರ ಮಾರಿ ನೋಡಿದ್ರ ಖರೇನೂ ಗೊತ್ತಿರಲಿಲ್ಲ. ನಾ ದಾಜಿ ಮಾರಿ ನೋಡಿದ್ನಿ. ದಾಜಿ ನನ್ನ ಮಾರಿ ನೋಡಿದ್ರು. ಇವರ್ಯಾರೂ ನಮ್ಮೂರಾವ್ರು ಅಲ್ಲ ಅಂತ ಹೇಳೂದು ಇಬ್ಬರದೂ ಕರ್ತವ್ಯ ಇತ್ತು. ಇಬ್ರೂ ರೊಟ್ಟಿ ಮುರದ ಬಾಯಾಗ ಇಟ್ಕೊಂಡ್ವಿ.

ಸಾಹೇಬ್ರು ಅಲ್ಲೇ ಎರಡ ಬಸ್ ಕರಸಿ ಎಲ್ಲಾರನ್ನೂ ಹತ್ತಿಸಿದ್ರು. ಸೋಮವಾರದಿಂದ ಏಳೂವರಿ ಬಸ್ ಸುರು ಅಂತ ಕೈ ತೊಳಕೋತ ಹೇಳಿದ್ರು. ಪೋರಿ ಕೈಯಾಗಿನ ತಂಬಿಗಿ ಬಿಟ್ಟ ಬಿಟ್ಲು. ಅಕ್ಕ ಅಲ್ಲೇ ನಿಂತ ಅತ್ತಳು, ಆದ್ರ ಅವತ್ತ ಅತ್ತಾವ್ರ ಭಾಳ ಇದ್ರು, ಯಾರೂ ಕೇಳಲಿಲ್ಲ.

ದೊಡ್ಡವ್ವ ಮಾತ್ರ ಒಂದ ರಾತ್ರಿ ತಂಗಿ ಮನ್ಯಾಗ ಇರ್ತೀನಿ ಅಂತ ಉಳದ್ಲು. ಸೋಮವಾರ ಏಳೂವರಿಗೆ ಬಸ್ ಬಂತು. ನಾ ನಂಬಲಿಲ್ಲ, ಹೋಗಿ ತಗಡ ಮುಟ್ಟಿ ನೋಡಿದ್ನಿ. 

ದಾಜಿ ಪೋರಿ ಚೀಲ ಹೊತ್ತಕೊಂಡ ಬಂದಿದ್ರು. ಬಸ್ಸಿನ ಬಾಗಿಲಾಗ ಮಗಳನ್ನ ನಿಂದ್ರಿಸಿ ಫೋಟೊ ತಗದ್ರು, ಆ ಹಳೀ ಮಾತನ್ನಽ ಬರದು ಸ್ಟೇಟಸ್ ಇಟ್ರು. ‘ಹೆಣ್ಣುಮಕ್ಕಳ ಶಿಕ್ಷಣಕ್ಕೆ ನನ್ನ ಬೆಂಬಲ.’ ಅಕ್ಷರ ಅವಽ, ಫೋಟೊ ಬ್ಯಾರೆ. ಅವತ್ತ ಆ ಮಾತ ಸುಳ್ಳ ಇರಲಿಲ್ಲ. ಹಂಗಾರ ಸ್ಟೇಟಸ್ಸಿನಿಂದ ಬಸ್ ಬಂತೋ, ಸ್ಟೇಟಸ್ ತಪ್ಪಾಗಿದ್ದಕ್ಕ ಬಂತೋ, ಬುತ್ತಿಯಿಂದ ಬಂತೋ? ನನಗ ಕೇಳಬ್ಯಾಡ್ರಿ, ನನಗ ಇನ್ನೂ ಲೆಕ್ಕ ಹೊಂದವಲ್ದು.

ದೊಡ್ಡವ್ವ ಅದಽ ಬಸ್ಸಿನ್ಯಾಗ ಪೋರಿ ಬಾಜು ಕುಂತ್ಲು. ಆಕೀ ಮನಸಿನ್ಯಾಗ ಒಂದಽ ಮಾತ ಕೊರಿಯಾಕತ್ತಿತ್ತು. ಇಷ್ಟ ವರ್ಷದಾಗ ಆಕೀ ಯಾರಂತ ಗೊತ್ತಿಲ್ಲದ ಅತ್ತಾಕಿ ಅಲ್ಲ.

“ಅಲ್ಲ, ನಿನ್ನೆ ನಾ ಅತ್ತಿದ್ದು ಯಾರಿಗೆ?” ಅಂತ ಕಿಡಕ್ಯಾಗಿಂದ ನನ್ನ ಕೇಳಿದ್ಲು.

ನಾ ಬಾಯಿ ತಗಿಯೂದ್ರೊಳಗ ಪೋರಿ ಆಕೀ ಕೈ ಹಿಡಕೊಂಡ್ಲು. “ಆಯಿ, ನೀ ಅತ್ತಿದ್ದು ನನಗಽ. ಈ ಬಸ್ ಬರಲಿಲ್ಲಂದ್ರ ಇವತ್ತಿಗೆ ನನ್ನ ಕಾಲೇಜ ಮುಗೀತಿತ್ತು.”

ದೊಡ್ಡವ್ವ ಪೋರಿ ಮಾರಿ ನೋಡಿದ್ಲು. ಮಡಿಲಾಗ ಇದ್ದ ಪುಸ್ತಕದ ಚೀಲ ನೋಡಿದ್ಲು. ಕಣ್ಣ ತುಂಬಿ ಬಂದ್ವು, ಆಮ್ಯಾಲ ನನ್ನ ಮ್ಯಾಲ ಸಿಟ್ಟ ಬಂತು.

“ಇದನ್ನ ಮದಲ ಹೇಳಬಾರ್ದೇನೋ? ಇದಕ್ಕಿಂತ ಚಲೋ ಅಳ್ತಿದ್ನಿ.”